ಗುರುವಾರದ ಕೆಂಪು ರವಿಕೆ

ಜೋಹಾನ್ಸ್‌ಬರ್ಗ್‌ನ ಉತ್ತರ ದಿಕ್ಕಿನ ಸಿರಿವಂತ ಬಡಾವಣೆಗಳಲ್ಲಿ ರಸ್ತೆಗೆ ಮನೆಗಳು ಕಾಣುವುದಿಲ್ಲ, ಗೋಡೆಗಳು ಕಾಣುತ್ತವೆ. ಗೋಡೆಯ ಮೇಲೆ ವಿದ್ಯುತ್ ತಂತಿ, ಗೇಟಿನ ಬಳಿ ಕಾವಲು. ಗುರುವಾರ ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಈ ಗೇಟುಗಳಿಂದ ಒಬ್ಬೊಬ್ಬರಾಗಿ ಹೆಂಗಸರು ಹೊರಬರುವುದು ಆ ನಗರಕ್ಕೆ ತಲೆಮಾರುಗಳಿಂದ ಪರಿಚಿತ ನೋಟ. ಬೆಳಿಗ್ಗೆಯೆಲ್ಲ ಪರರ ಮನೆಯ ನೆಲ ಒರೆಸಿದವರು ಈಗ ಇಸ್ತ್ರಿ ಮಾಡಿದ ಕೆಂಪು ರವಿಕೆ, ಕಪ್ಪು ಲಂಗ, ಬಿಳಿ ಕಾಲರ್, ಬಿಳಿ ಟೋಪಿ ತೊಟ್ಟಿರುತ್ತಾರೆ. ಕಂಕುಳಲ್ಲಿ ಸತ್ಯವೇದ ಮತ್ತು ಕೀರ್ತನೆ ಪುಸ್ತಕ. ರವಿಕೆ ಎಂದೆನಾದರೂ ಅದು ನಮ್ಮ ಸೀರೆಯ ಮೇಲಿನ ರವಿಕೆಯಲ್ಲ, ಉದ್ದ ತೋಳಿನ, ಸೊಂಟದ ಕೆಳಗೆ ಇಳಿಯುವ ಅಂಗಿ. ಕೆಂಪು ಕ್ರಿಸ್ತನ ರಕ್ತಕ್ಕೆ, ಬಿಳಿ ಪರಿಶುದ್ಧತೆಗೆ, ಕಪ್ಪು ಪಾಪಕ್ಕೆ ಎಂದು ಅರ್ಥ ಹೇಳುತ್ತಾರೆ. ಕಪ್ಪೆಂದರೆ ನಮ್ಮ ಮೈಬಣ್ಣ, ನಮ್ಮ ಆಫ್ರಿಕ ಎನ್ನುವವರೂ ಇದ್ದಾರೆ.

ಇವರು ಮೆಥಡಿಸ್ಟ್ ಸಭೆಯ, ಅಂದರೆ ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡದ, 'ಮನ್ಯಾನೊ' ಹೆಂಗಸರು. ಖೋಸಾ ಭಾಷೆಯಲ್ಲಿ ಆ ಮಾತಿಗೆ ಒಂದುಗೂಡುವುದು ಎಂದು ಅರ್ಥ. ಸೋಥೊ, ತ್ಸ್ವಾನಾ ಆಡುವ ಊರುಗಳಲ್ಲಿ ಜನ ಇವರನ್ನು 'ಪ್ರಾರ್ಥನೆಯ ಅಮ್ಮಂದಿರು' ಎಂದು ಕರೆಯುತ್ತಾರೆ. ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಸ್ತ್ರೀಯರ ಅನ್ಯೋನ್ಯ ಕೂಟ ಎನ್ನುತ್ತೇವಲ್ಲ, ಅದೇ ಕುಲದ ಬಳ್ಳಿ. ಆದರೆ ದಕ್ಷಿಣ ಆಫ್ರಿಕದ ಮಣ್ಣಿನಲ್ಲಿ ಅದು ಹಬ್ಬಿದ ರೀತಿಯೇ ಬೇರೆ. ಅಲ್ಲಿ ಅದು ಸಭೆಯ ಒಂದು ಅಂಗವಾಗಿ ಉಳಿಯದೆ, ಸಭೆಯೊಳಗೆ ಹೆಂಗಸರೇ ಕಟ್ಟಿಕೊಂಡ ಇನ್ನೊಂದು ಸಭೆಯಾಗಿ ಬೆಳೆಯಿತು. ನೂರು ವರ್ಷ ದಾಟಿದ ಆ ಕೂಟದ ಬಾಗಿಲಲ್ಲಿ ಈಗ ಒಂದು ಪ್ರಶ್ನೆ ನಿಂತಿದೆ: ಕೆಂಪು ರವಿಕೆ ತೊಡುವ ಹಕ್ಕು ಯಾರಿಗೆ?

ಮಿಷನರಿಗಳು ಮೊದಲಿಗೆ ಏನು ಬಯಸಿದ್ದರು ಎಂಬುದರಿಂದ ಶುರು ಮಾಡೋಣ. ಹತ್ತೊಂಬತ್ತನೆಯ ಶತಮಾನದ ಪ್ರೊಟೆಸ್ಟೆಂಟ್ ಮಿಷನ್ ಎಲ್ಲಿಗೆ ಹೋದರೂ ಹೆಂಗಸರ ಮುಂದೆ ಇಟ್ಟದ್ದು ಒಂದೇ ಮಾದರಿ: ಓರಣವಾದ ಮನೆ, ಸೂಜಿದಾರ, ಓದಲು ಸತ್ಯವೇದ, ದುಡಿದು ತರುವ ಗಂಡ, ಮನೆಯಲ್ಲಿರುವ ಹೆಂಡತಿ. ಬಾಸೆಲ್ ಮಿಷನ್ 1828ರಲ್ಲಿ ಇಂದಿನ ಘಾನಾದ ಕರಾವಳಿಗೆ ಇಳಿಯಿತು, 1834ರಲ್ಲಿ ನಮ್ಮ ಮಂಗಳೂರಿಗೆ ಬಂತು. ಎರಡೂ ಕಡೆ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಕಸೂತಿ ಪಾಠವಾಯಿತು. ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನ ಒಂದು ಹಳ್ಳಿಯಲ್ಲಿ ಪಾದ್ರಿಯ ಪತ್ನಿ ಮೇರಿ ಸಮ್ನರ್ 1876ರಲ್ಲಿ ಆರಂಭಿಸಿದ ಮದರ್ಸ್ ಯೂನಿಯನ್ ಕೂಡ ತಾಯಂದಿರಿಗೆ ತಾಯ್ತನದ ಹೊಣೆ ಕಲಿಸಲು ಹುಟ್ಟಿದ್ದು. ಆಂಗ್ಲಿಕನ್ ಸಭೆ ಹೋದಲ್ಲೆಲ್ಲ ಅದೂ ಹೋಯಿತು. ಇಂದು ಅದರ ಸದಸ್ಯರ ಸಂಖ್ಯೆ 40 ಲಕ್ಷದ ಆಸುಪಾಸಿನಲ್ಲಿದೆ, ಬಹುಪಾಲು ಸದಸ್ಯರು ಇರುವುದು ಇಂಗ್ಲೆಂಡಿನಲ್ಲಲ್ಲ, ಆಫ್ರಿಕದಲ್ಲಿ.

ಆದರೆ ದಕ್ಷಿಣ ಆಫ್ರಿಕದಲ್ಲಿ ಆ ಮಾದರಿ ಕೂರಲು ಮನೆಯೇ ಇರಲಿಲ್ಲ. 1886ರಲ್ಲಿ ಜೋಹಾನ್ಸ್‌ಬರ್ಗ್ ನೆಲದಡಿ ಚಿನ್ನ ಸಿಕ್ಕಿತು. ಗಂಡಸರು ಹಳ್ಳಿ ಬಿಟ್ಟು ಗಣಿಯ ಕೂಲಿಲೈನುಗಳಿಗೆ ಹೋದರು, ವರ್ಷಕ್ಕೊಮ್ಮೆ ಬಂದು ಹೋದರು. 1913ರ ಭೂ ಕಾಯ್ದೆ ದೇಶದ ಶೇ 7ರಷ್ಟು ನೆಲವನ್ನು ಮಾತ್ರ ಕಪ್ಪು ಜನರಿಗೆಂದು ಬಿಟ್ಟಿತು. 1936ರಲ್ಲಿ ಅದು ಶೇ 13ರಷ್ಟಾಯಿತು. ಗಂಡ ಒಂದೂರು, ಹೆಂಡತಿ ಒಂದೂರು, ಮಕ್ಕಳು ಅಜ್ಜಿಯ ಮಡಿಲಲ್ಲಿ. ಗುಡ್ಡದ ಮೇಲಿನ ಮಿಷನ್ ಮನೆಯಲ್ಲಿ ಕುಳಿತು ಆದರ್ಶ ಕುಟುಂಬದ ಪಾಠ ಹೇಳುತ್ತಿದ್ದಾಗ ಕೆಳಗಿನ ಬಯಲಿನಲ್ಲಿ ಕುಟುಂಬವನ್ನೇ ಒಡೆಯುವ ಕಾನೂನುಗಳು ಕೆಲಸ ಮಾಡುತ್ತಿದ್ದವು.

ಈ ಒಡಕಿನ ನಡುವೆ, 1907ರ ಸುಮಾರಿಗೆ, ಟ್ರಾನ್ಸ್‌ವಾಲ್ ಪ್ರಾಂತದ ಪೊಚೆಫ್‌ಸ್ಟ್ರೂಮ್ ಊರಿನಲ್ಲಿ ಆಫ್ರಿಕನ್ ಸಭಾಪಾಲಕರೊಬ್ಬರ ಪತ್ನಿ ಹೆಂಗಸರನ್ನು ಪ್ರಾರ್ಥನೆಗೆ ಕೂಡಿಸಿದರು. ಬೇಡಿಕೆ ದೊಡ್ಡದೇನಲ್ಲ: ನಮ್ಮ ಮನೆಗಳಿಗಾಗಿ, ನಮ್ಮ ಒಗ್ಗಟ್ಟಿಗಾಗಿ, ನಮ್ಮ ಪಾಪಗಳ ಕ್ಷಮೆಗಾಗಿ. ಕೆಲವೇ ವರ್ಷಗಳಲ್ಲಿ ಟ್ರಾನ್ಸ್‌ಕೈ ಕಡೆಯ ಕ್ಲಾರ್ಕ್‌ಬರಿ ಸುತ್ತಲೂ ಇಂಥದೇ ಕೂಟಗಳು ಹುಟ್ಟಿದವು. 1912ರಲ್ಲಿ ನಟಾಲ್ ಪ್ರಾಂತದ ಅಮೆರಿಕನ್ ಬೋರ್ಡ್ ಮಿಷನ್ನಿನ ಝುಲು ಹೆಂಗಸರು ತಮ್ಮ ಕೂಟಕ್ಕೆ 'ಇಸಿಲಿಲೊ' ಎಂದು ಹೆಸರಿಟ್ಟರು. ಝುಲು ಭಾಷೆಯಲ್ಲಿ ಅದರ ಅರ್ಥ ಗೋಳಾಟ, ಸತ್ತ ಮನೆಯಲ್ಲಿ ಹಾಕುವ ಅಳು. ಹಾದಿ ತಪ್ಪಿಹೋಗುತ್ತಿದ್ದ ಹೆಣ್ಣುಮಕ್ಕಳಿಗಾಗಿ ತಾಯಂದಿರು ಅತ್ತದ್ದರಿಂದ ಆ ಹೆಸರು. ಸಂಘಕ್ಕೆ ಸೇವಾ ಸಮಿತಿ, ಸಹಾಯಕ ಮಂಡಳಿ ಎಂದೆಲ್ಲ ಹೆಸರಿಡುವ ಕಾಲದಲ್ಲಿ ಇವರು ತಮ್ಮ ಅಳುವನ್ನೇ ಹೆಸರಾಗಿ ಇಟ್ಟುಕೊಂಡರು.

ಇನ್ನು ಗುರುವಾರ. ಜೋಹಾನ್ಸ್‌ಬರ್ಗ್‌ನ ಆರಂಭದ ದಶಕಗಳಲ್ಲಿ ಬಿಳಿಯರ ಮನೆಗೆಲಸಕ್ಕೆ ಇದ್ದವರು ಹೆಚ್ಚಾಗಿ ಗಂಡಸರೇ. ಬರಬರುತ್ತ ಗಂಡಸರು ಕಾರ್ಖಾನೆಗಳತ್ತ ಸರಿದರು, ಅಡುಗೆಮನೆಗಳಿಗೆ ಹೆಂಗಸರು ಬಂದರು. ಹಿತ್ತಲಿನ ಸಣ್ಣ ಕೋಣೆಯಲ್ಲಿ ವಾಸ, ಬೆಳಗಿನ ಚಹಾದಿಂದ ರಾತ್ರಿಯ ಪಾತ್ರೆಯವರೆಗೆ ದುಡಿತ. ಭಾನುವಾರ ಒಡೆಯರ ಮನೆಯಲ್ಲಿ ನೆಂಟರ ಊಟ, ಆದ್ದರಿಂದ ಅಂದು ಪೂರ್ತಿ ಬಿಡುವು ಸಿಗುವಂತಿರಲಿಲ್ಲ. ವಾರದ ನಡುವೆ ಗುರುವಾರ ಮಧ್ಯಾಹ್ನ ರಜೆ ಕೊಡುವ ಪದ್ಧತಿ ಬೆಳೆಯಿತು. ವಾರಕ್ಕೆ ಸಿಕ್ಕುತ್ತಿದ್ದ ಆ ನಾಲ್ಕಾರು ತಾಸುಗಳನ್ನು ಹೆಂಗಸರು ದೇವರಿಗೆ ಕೊಟ್ಟರು ಎಂದು ಸಭೆಯ ವರದಿಗಳು ಹೇಳುತ್ತವೆ. ನನಗೆ ಹಾಗೆ ಅನಿಸುವುದಿಲ್ಲ. ಆ ತಾಸುಗಳನ್ನು ಅವರು ತಮಗೆ ತಾವೇ ಕೊಟ್ಟುಕೊಂಡರು, ದೇವರನ್ನು ಜೊತೆಗೆ ಕೂರಿಸಿಕೊಂಡರು. ಹೆಸರು ಹಿಡಿದು ಕರೆಯುವವರು, ಮಗನ ಜ್ವರದ ಬಗ್ಗೆ ಕೇಳುವವರು, ತನ್ನ ಭಾಷೆಯಲ್ಲಿ ಮಾತಾಡುವವರು ಇಡೀ ವಾರದಲ್ಲಿ ಅಲ್ಲಿ ಮಾತ್ರ ಸಿಗುತ್ತಿದ್ದರು.

ಕೂಟದೊಳಗೆ ನಡೆಯುವುದೇನು? ಒಬ್ಬಾಕೆ ಸತ್ಯವೇದದ ಒಂದು ವಚನ ಓದುತ್ತಾಳೆ, ಅಥವಾ ಓದು ಬಾರದಿದ್ದರೆ ನೆನಪಿನಿಂದ ಹೇಳುತ್ತಾಳೆ. ಅದರ ಮೇಲೆ ಮೂರು ನಾಲ್ಕು ನಿಮಿಷ ಮಾತಾಡುತ್ತಾಳೆ. ಮಾತು ವಚನದಿಂದ ಹೊರಟು ಸೀದಾ ಮನೆಗೆ ಹೋಗುತ್ತದೆ: ಕುಡಿಯುವ ಗಂಡ, ಕೆಲಸ ಸಿಗದ ಮಗ, ಪೊಲೀಸರು ಹಿಡಿದೊಯ್ದ ತಮ್ಮ. ಅವಳ ಮಾತು ಗಂಟಲಲ್ಲಿ ಸಿಕ್ಕಿಕೊಂಡ ಕ್ಷಣ ಇನ್ನೊಬ್ಬಳು ಕುಳಿತಲ್ಲಿಂದಲೇ ಹಾಡು ಎತ್ತುತ್ತಾಳೆ. ಹಾಡಿನ ಆಸರೆಯಲ್ಲಿ ಮೊದಲನೆಯವಳು ಕುಳಿತುಕೊಳ್ಳುತ್ತಾಳೆ, ಮೂರನೆಯವಳು ಏಳುತ್ತಾಳೆ. ಕೊನೆಗೆ ಎಲ್ಲರೂ ಮೊಣಕಾಲೂರಿ ಒಟ್ಟಿಗೆ, ಗಟ್ಟಿಯಾಗಿ, ತಂತಮ್ಮ ಪ್ರಾರ್ಥನೆ ಮಾಡುತ್ತಾರೆ. ನೂರು ದನಿಗಳು ಒಂದೇ ಸಲ ಏಳುವಾಗ ಯಾರ ಗುಟ್ಟೂ ಯಾರಿಗೂ ಸ್ಪಷ್ಟವಾಗಿ ಕೇಳದು, ಆದರೂ ಯಾರೂ ಒಂಟಿಯಾಗಿ ಅಳುವುದಿಲ್ಲ.

ಈ ಪ್ರಾರ್ಥನೆ ಬಿಳಿಯ ಮೇಲ್ವಿಚಾರಕಿಯರಿಗೆ ಹಿಡಿಸಲಿಲ್ಲ. ಮೊದಲ ದಶಕಗಳಲ್ಲಿ ಕೂಟಗಳ ಮೇಲೆ ಮಿಷನರಿಗಳ ಪತ್ನಿಯರ ಉಸ್ತುವಾರಿ ಇತ್ತು. ಇಷ್ಟು ಅಳುವೇಕೆ, ಇಷ್ಟು ಪ್ರಾರ್ಥನೆಯೇಕೆ, ಹೊಲಿಗೆ ಕಲಿಯಬಾರದೆ, ಮಗುವಿನ ಆರೋಗ್ಯದ ಪಾಠ ಕೇಳಬಾರದೆ ಎಂಬುದು ಅವರ ಕಳವಳ. ಸಮವಸ್ತ್ರದ ಮೇಲಿನ ಮೋಹವೂ, ಕೂಟದ ಹಣವನ್ನು ಹೆಂಗಸರು ತಾವೇ ಇಟ್ಟುಕೊಳ್ಳಲು ಬಯಸಿದ್ದೂ ಅವರಿಗೆ ಕಸಿವಿಸಿ ತಂದಿತು. ಒಳ್ಳೆಯ ಮನಸ್ಸಿನ ಮಂದಿಯೇ ಇರಬಹುದು. ಆದರೆ ಒಂದು ವಿಷಯ ಅವರ ಕಣ್ಣಿಗೆ ಬೀಳಲಿಲ್ಲ. ಭಾನುವಾರ ಉಪದೇಶಪೀಠ ಹತ್ತಲು ಹೆಣ್ಣಿಗೆ ಅನುಮತಿ ಇರಲಿಲ್ಲ. ಗುರುವಾರ ಪ್ರತಿಯೊಬ್ಬಳೂ ಪ್ರಸಂಗಿಯಾಗಿದ್ದಳು. ಅಕ್ಷರ ಬಾರದವಳು, ಕಪ್ಪು ಜನ ಓಡಾಡಲು ಹೊತ್ತು ತಿರುಗಬೇಕಿದ್ದ ಪರವಾನಗಿಯಾದ ಪಾಸ್ ಪುಸ್ತಕ ಇಲ್ಲದೆ ಬೀದಿ ದಾಟಲು ಹೆದರುವವಳು ಅಲ್ಲಿ ನಿಂತು ದೇವರ ವಾಕ್ಯಕ್ಕೆ ಅರ್ಥ ಹೇಳುತ್ತಿದ್ದಳು. ದಕ್ಷಿಣ ಆಫ್ರಿಕದ ಮೆಥಡಿಸ್ಟ್ ಸಭೆ ಹೆಂಗಸರಿಗೆ ಗುರುದೀಕ್ಷೆ ಕೊಡಲಾರಂಭಿಸಿದ್ದು 1976ರಲ್ಲಿ. ಅಷ್ಟು ಹೊತ್ತಿಗೆ ಮನ್ಯಾನೊ ಹೆಂಗಸರು ಸುಮಾರು ಎಪ್ಪತ್ತು ವರ್ಷ ಪ್ರಸಂಗ ಮಾಡಿ ಆಗಿತ್ತು.

ಮಾತಾಡಲು ಕಲಿತವರು ಬೀದಿಯಲ್ಲೂ ಮಾತಾಡಿದರು. 1913ರಲ್ಲಿ ಬ್ಲೂಮ್‌ಫಾಂಟೇನ್‌ನ ಹೆಂಗಸರು ತಮಗೂ ಪಾಸ್ ಕಡ್ಡಾಯ ಮಾಡಿದ ನಗರಸಭೆಯ ವಿರುದ್ಧ ಬೀದಿಗಿಳಿದರು. ದಂಡ ಕಟ್ಟುವುದಿಲ್ಲ, ಜೈಲಿಗೆ ಹೋಗುತ್ತೇವೆ ಎಂದರು, ಹೋದರು. 1918ರಲ್ಲಿ ಬಾಂಟು ಮಹಿಳಾ ಲೀಗ್ ಕಟ್ಟಿದ ಷಾರ್ಲೆಟ್ ಮಕ್ಸೇಕೆ ಅಮೆರಿಕದ ಓಹಾಯೊದಲ್ಲಿ ಪದವಿ ಪಡೆದು ಬಂದವರು, ಎಎಂಇ (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಸಭೆಯ ಮಹಿಳಾ ಮಿಷನರಿ ಸಂಘದ ಮುಂದಾಳು. 1922ರಲ್ಲಿ ಹರ್ಷೆಲ್ ಜಿಲ್ಲೆಯ ಹಳ್ಳಿ ಹೆಂಗಸರು ಬೆಲೆ ಏರಿಸಿದ ವ್ಯಾಪಾರಿಗಳ ಅಂಗಡಿಗಳನ್ನು ಬಹಿಷ್ಕರಿಸಿದಾಗ ಪ್ರಾರ್ಥನಾ ಕೂಟಗಳ ಜಾಲವೇ ಸುದ್ದಿ ಹೊತ್ತೊಯ್ದಿತು. 1956ರ ಆಗಸ್ಟ್ 9ರಂದು 20,000 ಹೆಂಗಸರು ಪಾಸ್ ಕಾನೂನಿನ ವಿರುದ್ಧ ಪ್ರಿಟೋರಿಯದಲ್ಲಿ ಸರ್ಕಾರದ ಆಡಳಿತ ಕೇಂದ್ರವಾದ ಯೂನಿಯನ್ ಬಿಲ್ಡಿಂಗ್ಸ್ ಮುಂದೆ ನಿಂತರು. ಆ ದಿನ ಈಗ ಅಲ್ಲಿ ರಾಷ್ಟ್ರೀಯ ಮಹಿಳಾ ದಿನ. ಹಾಗೆಂದು ಮನ್ಯಾನೊ ಒಂದು ರಾಜಕೀಯ ಚಳವಳಿಯಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಹುಪಾಲು ಕೂಟಗಳು ಬಹುಪಾಲು ಗುರುವಾರಗಳಲ್ಲಿ ಮಾಡಿದ್ದು ಪ್ರಾರ್ಥನೆಯನ್ನೇ. ಆದರೆ ಸಭೆ ಕರೆಯುವುದು, ಲೆಕ್ಕ ಬರೆಯುವುದು, ನಾಲ್ಕು ಜನರ ಮುಂದೆ ನಿಂತು ಮಾತಾಡುವುದು, ಸರದಿಯ ಮೇಲೆ ಹೊಣೆ ಹೊರುವುದು, ಇವೆಲ್ಲವನ್ನೂ ಆ ಹೆಂಗಸರಿಗೆ ಕಲಿಸಿದ ಬೇರೆ ಶಾಲೆ ಇರಲಿಲ್ಲ.

ಇಲ್ಲಿ ಹಣದ ಮಾತು ಬರುತ್ತದೆ. ಮಿಷನ್ ಸಭೆಗಳ ಲೆಕ್ಕಪುಸ್ತಕ ನೋಡಿದವರಿಗೆ ಗೊತ್ತಿರುವ, ಆದರೆ ವೇದಿಕೆಯ ಮೇಲೆ ಯಾರೂ ಹೇಳದ ಸಂಗತಿ ಒಂದಿದೆ: ಜಗತ್ತಿನ ಎಷ್ಟೋ ಸಭೆಗಳನ್ನು ಹೆಂಗಸರ ಚಿಲ್ಲರೆ ಕಾಸು ಸಾಕಿದೆ. ಮಿಜೋರಾಂನ ಪ್ರೆಸ್ಬಿಟೇರಿಯನ್ ಹೆಂಗಸರು ಕಳೆದ ಶತಮಾನದ ಆರಂಭದಿಂದಲೂ ಪ್ರತಿ ಅಡುಗೆಗೆ ಮುನ್ನ ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ. ಆ ಅಕ್ಕಿ ಮಾರಿದ ಹಣದಿಂದ ಇಂದು ಮಿಷನರಿಗಳ ಸಂಬಳ ನಡೆಯುತ್ತದೆ. 1956ರಲ್ಲಿ, ಪ್ರಿಟೋರಿಯದ ಮೆರವಣಿಗೆ ನಡೆದ ಅದೇ ವರ್ಷ, ಭಾರತದ ಶಾಂತಿ ಸಾಲೊಮನ್ ಅವರು ಕ್ರೈಸ್ತ ಮಹಿಳೆಯರ ತಂಡವೊಂದರ ಜೊತೆ ಏಷ್ಯಾದಲ್ಲಿ ದೇಶದಿಂದ ದೇಶಕ್ಕೆ ಹೋಗುತ್ತಿದ್ದರು. ಕೊರಿಯಕ್ಕೆ ವೀಸಾ ಸಿಗಲಿಲ್ಲ, ಫಿಲಿಪೀನ್ಸ್‌ನಲ್ಲೇ ಉಳಿದರು. ಗಡಿ ದಾಟಲು ನನಗೆ ಬಿಡದಿದ್ದರೂ ಪ್ರಾರ್ಥನೆಗೆ ತಡೆಯಿಲ್ಲವಲ್ಲ ಎಂಬ ಯೋಚನೆ ಅವರಿಗೆ ಅಲ್ಲಿ ಹೊಳೆಯಿತು. ಪ್ರಾರ್ಥಿಸಿದಾಗಲೆಲ್ಲ ತಂತಮ್ಮ ದೇಶದ ಅತಿ ಚಿಕ್ಕ ನಾಣ್ಯ ಒಂದನ್ನು ತೆಗೆದಿಡೋಣ, ಬಡವಿ ಸಿರಿವಂತೆ ಎಂಬ ಭೇದ ಬೇಡ, ಎಲ್ಲರದ್ದೂ ಅಷ್ಟೇ ಎಂದರು. ಆ 'ಲೀಸ್ಟ್ ಕಾಯಿನ್' ಕಾಣಿಕೆ ಇಂದು ಹತ್ತಾರು ದೇಶಗಳಲ್ಲಿದೆ. ನಮ್ಮ ಮನೆಯ ದೇವರ ವಚನದ ಪಟದ ಕೆಳಗೆ ಅಮ್ಮ ಒಂದು ಹಾರ್ಲಿಕ್ಸ್ ಬಾಟಲಿ ಇಡುತ್ತಿದ್ದಳು, ಸಂಜೆಯ ಪ್ರಾರ್ಥನೆ ಮುಗಿದ ಕೂಡಲೇ ಐದು ಪೈಸೆ ಒಳಗೆ ಬೀಳುವ ಸದ್ದು ಕೇಳುತ್ತಿತ್ತು. ಆ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ನಮಗೆ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಹೆಂಗಸಿಗೆ ಎನ್ನುತ್ತಿದ್ದಳು. ಆ ಉತ್ತರ ನನಗೆ ಆಗ ತುಂಬಾ ದೊಡ್ಡದಾಗಿ ಕಂಡಿತ್ತು, ಈಗಲೂ ಕಾಣುತ್ತದೆ.

ಮನ್ಯಾನೊ ಕೂಟಗಳೂ ಹೀಗೆಯೇ ಸಣ್ಣ ಕಾಸಿನಿಂದ ದೇವಾಲಯದ ಚಾವಣಿ ಹೊದಿಸಿವೆ, ಮಕ್ಕಳ ಶಾಲೆಯ ಫೀಸು ಕಟ್ಟಿವೆ. ಸದಸ್ಯೆಯ ಮನೆಯಲ್ಲಿ ಸಾವಾದರೆ ಕೆಂಪು ರವಿಕೆಯ ಹೆಂಗಸರು ಬಂದು ರಾತ್ರಿಯಿಡೀ ಹಾಡಿ, ಪ್ರಾರ್ಥಿಸಿ, ಬಂದವರಿಗೆ ಅಡುಗೆ ಮಾಡಿ ಬಡಿಸುತ್ತಾರೆ. ಸದಸ್ಯೆಯೇ ತೀರಿಕೊಂಡರೆ ಅವಳನ್ನು ಅದೇ ಸಮವಸ್ತ್ರದ ಗೌರವದಲ್ಲಿ ಬೀಳ್ಕೊಡುತ್ತಾರೆ. ವರ್ಣಭೇದದ ಕಾಲದಲ್ಲಿ ಬದುಕಿದ್ದಾಗ 'ಗರ್ಲ್' ಎಂದು ಕೂಗಿಸಿಕೊಂಡ ಎಪ್ಪತ್ತರ ಮುದುಕಿಗೆ ಸಾವಿನಲ್ಲಿ ಸಿಗುವ ಆ ಮರ್ಯಾದೆಯ ತೂಕ ಊಹಿಸಿ.

ಅಷ್ಟು ತೂಕವಿರುವುದರಿಂದಲೇ ಆ ಬಟ್ಟೆ ಈಗ ಜಗಳದ ನಡುವೆ ಇದೆ. ರವಿಕೆಯನ್ನು ಅಂಗಡಿಯಿಂದ ಕೊಂಡು ತೊಡುವಂತಿಲ್ಲ. ಕಾಯುವ ಅವಧಿ ಇದೆ, ಪಾಠ ಇದೆ, ನಡತೆಯ ಪರೀಕ್ಷೆ ಇದೆ, ಆಮೇಲೆ ಆರಾಧನೆಯ ನಡುವೆ ಹಿರಿಯರು ತೊಡಿಸುವ ವಿಧಿ ಇದೆ. ಹಾಗೆ ತೊಡಿಸಿದ್ದನ್ನು ಬಿಚ್ಚಿಸುವ ಶಿಕ್ಷೆಯೂ ಇದೆ. ಕೂಟಗಳ ಹಳೆಯ ನಿಯಮದಲ್ಲಿ ಪೂರ್ಣ ಸದಸ್ಯೆ ಎಂದರೆ ದೇವಾಲಯದಲ್ಲಿ ಮದುವೆಯಾದ ಹೆಂಗಸು, ಇಲ್ಲವೇ ವಿಧವೆ. ಮದುವೆಯಾಗದೆ ತಾಯಿಯಾದವಳು, ಗಂಡನನ್ನು ಬಿಟ್ಟವಳು, ಗಂಡ ಬಿಟ್ಟುಹೋದವಳು ಅಂಚಿನಲ್ಲೇ ಉಳಿದರು. ಮಗಳ ಬಸಿರಿಗೆ ತಾಯಿಯನ್ನು ಹೊಣೆ ಮಾಡುವ ಮನೋಭಾವ ಇಸಿಲಿಲೊ ಕಾಲದಿಂದಲೂ ಇತ್ತು. ಇಂದು ಸಭೆಯಿಂದ ಸಭೆಗೆ ನಿಯಮ ಬೇರೆ ಬೇರೆ. ಯುವತಿಯರಿಗೆ ಪ್ರತ್ಯೇಕ ಮನ್ಯಾನೊ ಇದೆ, ಆಂಗ್ಲಿಕನ್ನರಲ್ಲಿ ಮದರ್ಸ್ ಯೂನಿಯನ್ನಿನ ಪಕ್ಕದಲ್ಲೇ ಎಲ್ಲ ಹೆಂಗಸರಿಗೂ ತೆರೆದಿರುವ ಇನ್ನೊಂದು ಸಂಘ ಇದೆ. ಆದರೂ ಮದುವೆಯ ಉಂಗುರವೇ ಬಾಗಿಲ ಕೀಲಿ ಎಂಬ ಭಾವನೆ ಮಾಸಿಲ್ಲ.

ಈ ಬಾಗಿಲು ಯಾವ ದೇಶದಲ್ಲಿ ಮುಚ್ಚಿದೆ ನೋಡಿ. ದಕ್ಷಿಣ ಆಫ್ರಿಕದಲ್ಲಿ ತಂದೆ ತಾಯಿ ಇಬ್ಬರ ಜೊತೆಯಲ್ಲೂ ಬೆಳೆಯುವ ಮಗು ಸುಮಾರು ಮೂರರಲ್ಲಿ ಒಂದು ಮಾತ್ರ. ವಧುದಕ್ಷಿಣೆಯಾದ 'ಲೊಬೊಲಾ' ಹೊಂದಿಸಲಾಗದೆ ಎಷ್ಟೋ ಜೋಡಿಗಳ ಮದುವೆ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ, ನಿರುದ್ಯೋಗ ಇನ್ನಷ್ಟನ್ನು ನಿಲ್ಲಿಸುತ್ತದೆ. ಗಣಿ, ಪಾಸ್ ಕಾನೂನು, ಭೂ ಕಾಯ್ದೆ ಸೇರಿ ನೂರು ವರ್ಷ ಒಡೆದ ಮನೆಯ ಲೆಕ್ಕವನ್ನು ಒಬ್ಬೊಬ್ಬ ಹೆಂಗಸಿನ ನಡತೆಯ ಖಾತೆಗೆ ಬರೆಯುವುದು ಅನ್ಯಾಯ. ಹೀಗೆ ಹೇಳುವಾಗ ನಿಯಮದ ಪರ ನಿಂತ ಹಿರಿಯ ಹೆಂಗಸರನ್ನು ನಾನು ಹೀಗಳೆಯಲಾರೆ. ಕಪ್ಪು ಹೆಣ್ಣು ಎಂದರೆ ನಡತೆಗೆಟ್ಟವಳು ಎಂದು ಬಿಳಿಯ ಸಮಾಜ ಬಾಯಿಬಿಟ್ಟು ಹೇಳುತ್ತಿದ್ದ ದಿನಗಳಲ್ಲಿ ಆ ಕಟ್ಟುನಿಟ್ಟೇ ಅವರ ಗುರಾಣಿಯಾಗಿತ್ತು. ನಮ್ಮ ಮಾನ ನಾವೇ ಕಾಯುತ್ತೇವೆ ಎಂಬ ಹಟ ಆ ಇಸ್ತ್ರಿಯ ಗೆರೆಗಳಲ್ಲಿದೆ. ಆದರೆ ಅಂದು ಹೊರಗಿನವರ ಬಾಯಿಂದ ಕಾಪಾಡಿದ ಗುರಾಣಿಯನ್ನು ಇಂದು ತಮ್ಮದೇ ಮಗಳ ಮುಂದೆ ಎತ್ತಿ ಹಿಡಿದರೆ, ಮಗಳು ಎಲ್ಲಿ ಹೋಗಬೇಕು? ಅವಳು ಹೋಗುವುದು ಹೊಸ ಪೆಂಟೆಕೋಸ್ಟಲ್ ಸಭೆಗಳಿಗೆ. ಅಲ್ಲಿ ಉಂಗುರ ಕೇಳುವುದಿಲ್ಲ. ಆದರೆ ಅಲ್ಲಿನ ಎಷ್ಟೋ ಕಡೆ ಹೆಂಗಸರದ್ದೇ ಆದ ಕೂಟ, ಹೆಂಗಸರದ್ದೇ ಆದ ಹಣ, ಹೆಂಗಸರೇ ಆರಿಸಿದ ಮುಂದಾಳು ಇರುವುದಿಲ್ಲ. ಒಬ್ಬ ಪಾಸ್ಟರ್, ಪಕ್ಕದಲ್ಲಿ ಅವರ ಪತ್ನಿ, ಅಷ್ಟೇ.

ಎಚ್ಐವಿ ಕಾಲದಲ್ಲಿ ಈ ಬಿಕ್ಕಟ್ಟು ಅತ್ಯಂತ ನೋವಿನಿಂದ ಬಯಲಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್ಐವಿ ಹತ್ತಿಕ್ಕುವ ಎಆರ್‌ವಿ ಔಷಧ ಸಿಗಲಾರಂಭಿಸಿದ್ದು 2004ರಲ್ಲಿ. ಅದಕ್ಕೂ ಮೊದಲಿನ ವರ್ಷಗಳಲ್ಲಿ ಹಾಸಿಗೆ ಹಿಡಿದವರ ಹೊಲಸು ತೊಳೆದವರು, ಅನಾಥ ಮೊಮ್ಮಕ್ಕಳಿಗೆ ಗಂಜಿ ಹಾಕಿದವರು, ಶನಿವಾರ ಶನಿವಾರವೂ ಶವಸಂಸ್ಕಾರಕ್ಕೆ ನಿಂತವರು ಇದೇ ಅಮ್ಮಂದಿರು. ಆದರೂ ಎಷ್ಟೋ ಕೂಟಗಳಲ್ಲಿ ಆ ಕಾಯಿಲೆಯ ಹೆಸರು ಎತ್ತುವಂತಿರಲಿಲ್ಲ. ಗಂಡನಿಂದ ಸೋಂಕು ಪಡೆದ ಹೆಂಡತಿ ಕೆಂಪು ರವಿಕೆ ತೊಟ್ಟು, ಮಾತು ನುಂಗಿಕೊಂಡು, ಬೇರೆಯವರಿಗಾಗಿ ಪ್ರಾರ್ಥಿಸುತ್ತಿದ್ದಳು. 1989ರಲ್ಲಿ ಘಾನಾದ ಮೆಥಡಿಸ್ಟ್ ವಿದ್ವಾಂಸೆ ಮರ್ಸಿ ಅಂಬಾ ಒಡುಯೋಯೆ ಅವರ ನಾಯಕತ್ವದಲ್ಲಿ ಅಕ್ರಾದಲ್ಲಿ ಸೇರಿದ ಆಫ್ರಿಕನ್ ಮಹಿಳಾ ದೈವಶಾಸ್ತ್ರಜ್ಞರ ಬಳಗ ಈ ಮೌನದ ಬಗ್ಗೆ ಬಹಳ ಬರೆದಿದೆ. ದೇವಶಾಸ್ತ್ರ ಓದಿದ ಆ ಹೆಂಗಸರು ಮತ್ತು ಓದು ಬಾರದ ಈ ಹೆಂಗಸರು ಒಂದೇ ಬೆಂಚಿನಲ್ಲಿ ಕುಳಿತ ಕಡೆಗಳಲ್ಲಿ ಮೌನ ಒಡೆದಿದೆ.

ಅಧಿಕಾರದ ಏಣಿಯ ಮೇಲೆ ಬದಲಾವಣೆ ಆಗಿಲ್ಲವೆಂದಲ್ಲ. 1999ರಲ್ಲಿ ಪ್ಯೂರಿಟಿ ಮಲಿಂಗ ದಕ್ಷಿಣ ಆಫ್ರಿಕ ಮೆಥಡಿಸ್ಟ್ ಸಭೆಯ ಮೊದಲ ಮಹಿಳಾ ಬಿಷಪ್ ಆದರು. 2019ರಲ್ಲಿ ಆರು ದೇಶಗಳಿಗೆ ಹರಡಿರುವ ಆ ಸಭೆಯ ಅಧ್ಯಕ್ಷ ಬಿಷಪ್ ಸ್ಥಾನಕ್ಕೆ ಆಯ್ಕೆಯಾದರು. ಅವರ ನಂತರ ಬಂದವರೂ ಮಹಿಳೆಯೇ, ಪುಮ್ಲಾ ನ್ಝಿಮಾಂಡೆ. ಆಂಗ್ಲಿಕನ್ನರಲ್ಲಿ ಎಲಿನಾ ವಾಮುಕೋಯ 2012ರಲ್ಲಿ ಸ್ವಾಜಿಲ್ಯಾಂಡಿನ ಬಿಷಪ್ ಆಗಿ ಆಫ್ರಿಕದ ಮೊದಲ ಆಂಗ್ಲಿಕನ್ ಮಹಿಳಾ ಬಿಷಪ್ ಎನಿಸಿದರು. ನಮ್ಮ ಸಿಎಸ್ಐ ಸಭೆಗೆ ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ಬಂದದ್ದು ಮರುವರ್ಷ, 2013ರಲ್ಲಿ. ಆದರೆ ಕೂಟಗಳ ಒಳಗೆ ಹಳೆಯ ಸಂಪ್ರದಾಯವೊಂದು ಇನ್ನೂ ಜೀವಂತವಿದೆ: ಸಭಾಪಾಲಕರ ಪತ್ನಿಯೇ ಕೂಟದ ಅಧ್ಯಕ್ಷೆ. ಆಕೆಗೆ ಆಸಕ್ತಿ ಇರಲಿ, ಇಲ್ಲದಿರಲಿ. ಸಭಾಪಾಲಕರೇ ಹೆಂಗಸಾದಾಗ ಏನು ಮಾಡಬೇಕು? ಗಂಡನನ್ನು ಕೂರಿಸಲಾಗದು. ಪೀಠದಲ್ಲಿ ನಿಂತವಳನ್ನು ಗುರುವಾಗಿ ಕಾಣಬೇಕೋ, ಕೂಟದ ಸೊಸೆಯಾಗಿ ಕಾಣಬೇಕೋ ಎಂಬ ಗೊಂದಲ ಅನೇಕ ಊರುಗಳಲ್ಲಿ ತಲೆದೋರಿದೆ. ಕೂಟ ತನ್ನ ಅಧ್ಯಕ್ಷೆಯನ್ನು ತಾನೇ ಆರಿಸಬೇಕು, ಮದುವೆಯಿಂದ ಪಡೆಯಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಕರ್ನಾಟಕದಲ್ಲೂ 'ಪಾದ್ರಿಯಮ್ಮ' ಎಂಬ ಪಟ್ಟ ಹೊತ್ತು, ಸಂಬಳವಿಲ್ಲದೆ, ಆಯ್ಕೆಯೂ ಇಲ್ಲದೆ ಜೀವಮಾನವೆಲ್ಲ ಕೂಟ ನಡೆಸಿದ ಎಷ್ಟು ತಾಯಂದಿರನ್ನು ನೋಡಿಲ್ಲ!

ಗುರುವಾರಕ್ಕೆ ಈಗ ಇನ್ನೊಂದು ಅರ್ಥ ಸೇರಿದೆ. ಹೆಣ್ಣಿನ ಮೇಲಿನ ಅತ್ಯಾಚಾರ, ಹಿಂಸೆಯ ವಿರುದ್ಧ ಗುರುವಾರ ಕಪ್ಪು ಬಟ್ಟೆ ತೊಡುವ ಅಭಿಯಾನವನ್ನು ವಿಶ್ವ ಸಭೆಗಳ ಮಂಡಳಿ (ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್) ನಡೆಸುತ್ತಿದೆ. 1988ರಿಂದ 1998ರವರೆಗಿನ 'ಮಹಿಳೆಯರೊಂದಿಗೆ ಸಭೆಗಳ ದಶಕ'ದಿಂದ ಬೆಳೆದದ್ದು ಅದು. ಕಾಣೆಯಾದ ಮಕ್ಕಳಿಗಾಗಿ ಗುರುವಾರ ಗುರುವಾರ ಚೌಕದಲ್ಲಿ ಸುತ್ತು ಹಾಕಿದ ಅರ್ಜೆಂಟೀನಾದ ತಾಯಂದಿರಿಂದಲೂ, ವರ್ಣಭೇದದ ವಿರುದ್ಧ ಕಪ್ಪು ಪಟ್ಟಿ ತೊಟ್ಟು ನಿಂತ ದಕ್ಷಿಣ ಆಫ್ರಿಕದ ಹೆಂಗಸರಿಂದಲೂ ಅದು ಸ್ಫೂರ್ತಿ ಪಡೆದಿದೆ. ಮನ್ಯಾನೊ ಹೆಂಗಸರಿಗೆ ಗುರುವಾರವನ್ನು ಯಾರೂ ಹೊಸದಾಗಿ ಕೊಡಬೇಕಿರಲಿಲ್ಲ. ಹೊಸದಾಗಿ ಬೇಕಿದ್ದದ್ದು ಆ ಪ್ರಾರ್ಥನೆಯಲ್ಲಿ ಹೊಡೆಯುವ ಗಂಡನ ಹೆಸರನ್ನು ಹೊಡೆಯುವವನೆಂದೇ ಹೇಳುವ ಧೈರ್ಯ. ಅವನ ಮನಸ್ಸು ತಿರುಗಲಿ ಎಂದು ಬೇಡುವುದಕ್ಕೂ ಅವಳನ್ನು ಆ ಮನೆಯಿಂದ ಹೊರಗೆ ಕರೆತರುವುದಕ್ಕೂ ವ್ಯತ್ಯಾಸ ಇದೆ ಎಂದು ಗುರುತಿಸಿದ ಕೂಟಗಳು ಹೆಚ್ಚಬೇಕಿದೆ.

ಇತ್ತ ಗುರುವಾರದ ರಜೆಯೂ ಕರಗುತ್ತಿದೆ. ಹಿತ್ತಲ ಕೋಣೆಯಲ್ಲಿ ಉಳಿಯುವವರು ಕಡಿಮೆಯಾಗಿ, ನಗರದಂಚಿನ ಕಪ್ಪು ಜನರ ಬಡಾವಣೆಗಳಾದ ಟೌನ್‌ಶಿಪ್‌ಗಳಿಂದ ಟ್ಯಾಕ್ಸಿ ಹಿಡಿದು ಬಂದು ಹೋಗುವವರು ಹೆಚ್ಚಾಗಿದ್ದಾರೆ. ದೇಶದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಮನೆಗೆಲಸ ಮಾಡುತ್ತಾರೆ. ಕೆಲಸದಲ್ಲಿ ಗಾಯವಾದರೆ, ಸತ್ತರೆ ಪರಿಹಾರ ಪಡೆಯುವ ಹಕ್ಕು ಅವರಿಗೂ ಇದೆ ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿದ್ದು 2020ರಲ್ಲಿ, ತೀರಾ ಈಚೆಗೆ. ಕಚೇರಿ, ಬ್ಯಾಂಕು, ಶಾಲೆಗಳಲ್ಲಿ ದುಡಿಯುವ ಅವರ ಹೆಣ್ಣುಮಕ್ಕಳಿಗೆ ಗುರುವಾರ ಮಧ್ಯಾಹ್ನ ಬಿಡುವಿಲ್ಲ. ಅಮ್ಮಂದಿರ ಬಿಡುವಿನ ದಿನ ಮಕ್ಕಳ ದುಡಿಮೆಯ ದಿನವಾದಾಗ ಕೂಟ ದಿನವನ್ನು ಬದಲಿಸಬೇಕೋ ಬೇಡವೋ ಎಂಬುದೂ ಸಣ್ಣ ಚರ್ಚೆಯಲ್ಲ. ಗುರುವಾರ ಎಂಬುದು ಅಲ್ಲಿ ಹೆಚ್ಚು ಕಡಿಮೆ ಪವಿತ್ರವಾಗಿಬಿಟ್ಟಿದೆ.

ಬದಲಿಸಿದವರು ಇದ್ದಾರೆ, ಅವರು ಸಮುದ್ರ ದಾಟಿದವರು. 2000ದ ನಂತರ ಜಿಂಬಾಬ್ವೆಯ ಆರ್ಥಿಕತೆ ಕುಸಿದಾಗ ನರ್ಸುಗಳು, ವೃದ್ಧರ ಆರೈಕೆ ಮಾಡುವವರು ದೊಡ್ಡ ಸಂಖ್ಯೆಯಲ್ಲಿ ಬ್ರಿಟನ್‌ಗೆ ಹೋದರು. ಅವರ ಪೆಟ್ಟಿಗೆಯಲ್ಲಿ ಕೆಂಪು ರವಿಕೆಯೂ ಇತ್ತು. ಶೋನಾ ಭಾಷೆಯಲ್ಲಿ ಆ ಕೂಟದ ಹೆಸರು 'ರುವಾಡ್ಜಾನೊ'. ಬ್ರಿಟಿಷ್ ಮೆಥಡಿಸ್ಟ್ ಸಭೆಯೊಳಗೆ ಇಂದು ಜಿಂಬಾಬ್ವೆಯವರ ಕೂಟಗಳಿವೆ, ಶಿಫ್ಟುಗಳ ನಡುವಿನ ಬಿಡುವು ನೋಡಿ ಸೇರುತ್ತಾರೆ. ಹೆಂಗಸರಿಗೆ ಮನೆವಾರ್ತೆ ಕಲಿಸಲು ಒಂದು ಕಾಲಕ್ಕೆ ಆ ದೇಶದಿಂದ ಮಿಷನರಿ ಪತ್ನಿಯರು ಹಡಗು ಹತ್ತಿದ್ದರು. ಅಲ್ಲಿನ ದೇವಾಲಯಗಳಲ್ಲಿ ಬೆಂಚುಗಳು ಖಾಲಿಯಾಗುತ್ತಿರುವಾಗ ಮುದಿ ಇಂಗ್ಲಿಷ್ ಹೆಂಗಸರ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಪ್ರಾರ್ಥಿಸುತ್ತಿರುವವರು ಆ ಪಾಠ ಕೇಳಿಸಿಕೊಂಡವರ ಮರಿಮಕ್ಕಳು.

ನಮ್ಮವರ ನಂಟು ಇರುವುದು ಕೊಲ್ಲಿ ರಾಷ್ಟ್ರಗಳಲ್ಲಿ. ಅಮೆರಿಕದ ರಿಫಾರ್ಮ್ಡ್ ಸಭೆಯ ಅರೇಬಿಯನ್ ಮಿಷನ್ ಬೆಳೆಸಿದ ಕುವೈತ್‌ನ ಇವಾಂಜೆಲಿಕಲ್ ಸಭೆಯ ಆವರಣದಲ್ಲಿ ಹತ್ತಾರು ಭಾಷೆಗಳ ಸಭೆಗಳು ಸರದಿಯ ಮೇಲೆ ಆರಾಧನೆ ನಡೆಸುತ್ತವೆ. ಅಲ್ಲಿ ಭಾನುವಾರ ಕೆಲಸದ ದಿನ, ಶುಕ್ರವಾರ ರಜೆ, ಹಾಗಾಗಿ ದೊಡ್ಡ ಆರಾಧನೆ ಶುಕ್ರವಾರ. ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಕರಾವಳಿಯ, ಉತ್ತರ ಕರ್ನಾಟಕದ ನರ್ಸುಗಳು ರಜೆ ಹೊಂದಿಸಿಕೊಂಡು ಬರುತ್ತಾರೆ. ಮನೆಗೆಲಸಕ್ಕೆ ಹೋದವರ ಪಾಡು ಬೇರೆ. ವಾರಕ್ಕೊಂದು ರಜೆ ಕುವೈತ್‌ನ 2015ರ ಕಾಯ್ದೆಯಲ್ಲಿ ಬರೆದಿದೆ. ಬರೆದದ್ದು ಎಲ್ಲ ಮನೆಗಳ ಒಳಗೆ ತಲುಪಿಲ್ಲ. ನಮ್ಮ ಸಭೆಯಿಂದ ಹಾಗೆ ಹೋಗಿದ್ದ ಒಬ್ಬ ಅಕ್ಕ ಎರಡು ವರ್ಷದ ಕರಾರು ಮುಗಿಸಿ ಬಂದಾಗ, ಅಲ್ಲಿನ ದೇವಾಲಯ ಹೇಗಿದೆ ಎಂದು ಸ್ತ್ರೀಯರ ಕೂಟದಲ್ಲಿ ಎಲ್ಲರೂ ಕೇಳಿದರು. ಅವಳು ಒಮ್ಮೆಯೂ ನೋಡಿರಲಿಲ್ಲ. ಶುಕ್ರವಾರ ಸಂಜೆ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಮೊಬೈಲನ್ನು ಹಗ್ಗದ ಕ್ಲಿಪ್ಪಿಗೆ ಸಿಕ್ಕಿಸಿ, ನಮ್ಮ ಕೂಟದವರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರಾರ್ಥನೆಯ ಧ್ವನಿಯನ್ನು ಸಣ್ಣಗೆ ಹಾಕಿಕೊಂಡು, ಒದ್ದೆ ಹಾಸಿಗೆ ವಸ್ತ್ರಗಳ ನಡುವೆ ನಿಂತು ಆಮೆನ್ ಹೇಳುತ್ತಿದ್ದಳಂತೆ.